ಹಣ್ಣಿನ ತಟ್ಟೆ ಹಿಡಿದ ಮೇಲಿನ ಮನೆಯವರು

ಆರಡಿ ಎತ್ತರ, ಕಂಬದಂಥ ಕಾಲು; ಆದರೂ ಮೇಲಿನ ಮನೆಯವರು ಮೆಟ್ಟಿಲಿಳಿದರೆ ಒಂದಿಷ್ಟೂ ಸದ್ದಾಗುತ್ತಿರಲಿಲ್ಲ. ಬಾಗಿಲು ತೆರೆದರೆ ಎದುರಿಗೇ ನಿಂತಿರುತ್ತಿದ್ದರು, ಕೈಯಲ್ಲಿ ನನ್ನ ಮಗಳಿಗೆಂದು ಖರ್ಜೂರದ ಪೊಟ್ಟಣ. ಗಲ್ಫಿನಲ್ಲಿ, ಅಲ್ ಮವಾಲೇಹ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಒಂಟಿಯಾಗಿದ್ದ, ಬೇರೆ ಯಾವುದೋ ದೇಶದ ಮುದುಕರು. ರಿಟೈರ್ಡ್ ಮೇಷ್ಟ್ರು ಎಂದಿದ್ದರು. ಉಡುಪಿ ಕಡೆಯ ನಮಗೆ ಮೇಷ್ಟ್ರೆಂದರೆ ಮುಗಿಯಿತು, ಮತ್ತೇನೂ ಕೇಳುವವರಲ್ಲ. ನನ್ನ ನೀರುದೋಸೆ ಎಂದರೆ ಅವರಿಗೆ ಪ್ರಾಣ. ತಿನ್ನಲು ಕೂತರೆ ಬಾಗಿಲಿಗೆ ಮುಖ ಮಾಡಿಯೇ ಕೂರುವುದು.

ಮಗಳಿಗೆ ಆಗ ಐದು ವರ್ಷ. ತರಕಾರಿ ಮಾರುಕಟ್ಟೆಯಲ್ಲಿ ನಾನು ಬೆಂಡೆಕಾಯಿ ಆರಿಸುತ್ತಿದ್ದಾಗ ಕೈತಪ್ಪಿದಳು. ಅಯ್ಯೋ, ನನ್ನ ಜೀವ ಬಾಯಿಗೆ ಬಂತು! ಹೆಸರು ಹಿಡಿದು ಕಿರುಚಿದೆ. ಎಲ್ಲಿದ್ದರೋ ಏನೋ, ಮೇಲಿನ ಮನೆಯವರು ಬಂದು ಭುಜ ಹಿಡಿದು ನಿಲ್ಲಿಸಿದರು. "ಡೋಂಟ್ ಶೌಟ್, ಮೇಡಂ. ಕೂಗಿದರೆ ಅಡಗಿದವರು ಇನ್ನಷ್ಟು ಅಡಗುತ್ತಾರೆ" ಎಂದರು ಇಂಗ್ಲಿಷಿನಲ್ಲಿ. ಮಂಡಿಯೂರಿ, ಮಗುವಿನ ಎತ್ತರಕ್ಕೆ ತಲೆ ತಗ್ಗಿಸಿ ಸುತ್ತ ನೋಡಿದರು. ಅಷ್ಟೇ! ಎದ್ದವರೇ ಓಡಿದರು. ದೂರದ ನಿಜ್ವಾ ಊರಿಗೆ ಹೊರಡಲು ಎಂಜಿನ್ ಶುರು ಮಾಡಿದ್ದ ಪಿಕಪ್ ಒಂದಕ್ಕೆ ಅಡ್ಡ ನಿಂತು ಕೈ ಎತ್ತಿದರು. ಆ ಕೈ ಕಂಡು ಡ್ರೈವರ್ ಕಕ್ಕಾಬಿಕ್ಕಿ. ಹಿಂದೆ, ಖಾಲಿ ಪೆಟ್ಟಿಗೆಗಳ ನಡುವೆ, ಬೆಕ್ಕಿನ ಮರಿಯೊಂದನ್ನು ತಬ್ಬಿಕೊಂಡು ಕೂತಿದ್ದಳು ನನ್ನ ಮಗಳು!

"ಖಲಾಸ್, ಮೇಡಂ. ಹುಡುಕುವುದು ನನ್ನ ಹಳೇ ಕೆಲಸ" ಎಂದು ನಕ್ಕರು. ಮೇಷ್ಟ್ರಿಗೆಂಥ ಹುಡುಕುವ ಕೆಲಸ ಎಂದು ನನಗೆ ಹೊಳೆಯಲೇ ಇಲ್ಲ.

ಇಂಥವರನ್ನು ನಮ್ಮ ಜನ ಸುಮ್ಮನೆ ಬಿಟ್ಟಾರೆಯೇ? ಇಲ್ಲಿನ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಸನ್ಮಾನ! "ಫೋಟೋ ಮಾತ್ರ ಬೇಡ" ಎಂದು ಅವರು ಬೇಡಿಕೊಂಡರು. ದೊಡ್ಡವರ ವಿನಯ ಎಂದುಕೊಂಡೆವು. "ಸನ್ಮಾನ ಅಂದ್ಮೇಲೆ ಫೋಟೋ ಇಲ್ದೆ ಹೇಗೆ ಮಾರಾಯ್ತಿ?" ಎಂದರು ನನ್ನ ಗಂಡ. ಪೇಟ ತೊಡಿಸಿ, ಶಾಲು ಹೊದಿಸಿ, ಎರಡೂ ಕೈಗೆ ಹಣ್ಣಿನ ತಟ್ಟೆ ಕೊಟ್ಟರು. ಮುಖ ಮುಚ್ಚಿಕೊಳ್ಳಲು ಪಾಪ ಅವರಿಗೆ ಕೈಯೇ ಉಳಿಯಲಿಲ್ಲ. ಪಟಪಟನೆ ಫೋನುಗಳು ಮಿಂಚಿದವು. ಫೋಟೋ ಗ್ರೂಪಿನಿಂದ ಗ್ರೂಪಿಗೆ ಹಾರಿತು.

ಮರುವಾರ ಮೇಲಿನ ಮನೆ ಖಾಲಿ. ಕೆಲವು ದಿನ ಕಳೆದು ಟಿವಿ ಹಾಕಿದರೆ ಅವರೇ! ಯಾವುದೋ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದು, ಸ್ವದೇಶದ ನ್ಯಾಯಾಲಯಕ್ಕೆ ಬಂದಿದ್ದರು. ಸರ್ವಾಧಿಕಾರಿಯ ಕಾರು ಓಡಿಸುತ್ತ, ಹಿಂದಿನ ಸೀಟಿನ ಮಾತಿಗೆ ಕಿವಿಕೊಡುತ್ತ, ಗುಪ್ತ ಪೊಲೀಸರ ಮುಖ್ಯಸ್ಥನ ಕುರ್ಚಿಯವರೆಗೆ ಏರಿದವರಂತೆ. ಒಡೆಯ ಬಿದ್ದ ದಿನವೇ ಹೆಸರು ಬದಲಿಸಿ ಓಡಿದರಂತೆ. ಅವರ ಪತ್ತೆ ಹಚ್ಚಿಸಿದ ಫೋಟೋವನ್ನು ಇಡೀ ಜಗತ್ತಿಗೆ ತೋರಿಸುತ್ತಿದ್ದರು: ತಲೆಗೆ ಮೈಸೂರು ಪೇಟ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು!

"ಅದು ನಮ್ಮ ಶಾಲು ಅಲ್ವಾ ಮಾರಾಯ್ತಿ!" ಗಂಡ ಸೋಫಾದಿಂದ ಹಾರಿಯೇ ಬಿಟ್ಟರು. ನಾನೂ ಟಿವಿಯ ಸದ್ದು ಹೆಚ್ಚಿಸಿದೆ.

ಆಮೇಲೆ ನ್ಯಾಯಾಲಯದ ಹೊರಗಿನ ಬೀದಿ ತೋರಿಸಿದರು. ಮಕ್ಕಳ ಫೋಟೋ ಎದೆಗವಚಿಕೊಂಡ ತಾಯಂದಿರು. ಮೇಲಿನ ಮನೆಯವರು ಹುಡುಕಿ ಹಿಡಿಸಿದ, ಮತ್ತೆ ಮನೆಗೆ ಬಾರದ ಮಕ್ಕಳು. ಒಬ್ಬಾಕೆ, ನಾನು ಮಾರುಕಟ್ಟೆಯಲ್ಲಿ ಕಿರುಚಿದಂತೆಯೇ, ಒಂದೇ ಹೆಸರನ್ನು ಕೂಗುತ್ತಿದ್ದಳು.

ಮಗಳು ನನ್ನ ತೋಳು ಜಗ್ಗಿದಳು. "ಅಮ್ಮಾ, ಹಿ ಫೌಂಡ್ ಮಿ ನೋ? ಆ ಆಂಟಿಯ ಮಗುವನ್ನೂ ಅಂಕಲ್‌ಗೇ ಹುಡುಕ್ಲಿಕ್ಕೆ ಹೇಳು."

ಅವಳನ್ನು ಎಳೆದು ತಬ್ಬಿಕೊಂಡೆ. ಇವಳನ್ನು ಉಳಿಸಿಕೊಟ್ಟ ಮೇಲಿನ ಮನೆಯವರ ಋಣ ನನ್ನ ಮೇಲಿದೆ. ತೀರಿಸಬೇಕು ಎಂದುಕೊಂಡಾಗಲೆಲ್ಲ ಕಣ್ಣಿಗೆ ಕಟ್ಟುವುದು ಮಾತ್ರ ಆ ತಾಯಿಯ ಮುಖ.