ದಕ್ಷಿಣಕ್ಕೆ ತಿರುಗಿದ ರೇಡಿಯೊ

ಯಲಹಂಕದ ನಮ್ಮ ಮನೆಗೆ ಟ್ರಾನ್ಸಿಸ್ಟರ್ ಬಂದ ದಿನವೇ ನನ್ನ ಮಾವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ನಡುಮನೆಯ ಸ್ಟೂಲಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಆಮೇಲೆ ಅದನ್ನು ಯಾರೂ ಅಲುಗಿಸುವಂತಿರಲಿಲ್ಲ. ಹಗಲೆಲ್ಲ ಚೆನ್ನಾಗಿಯೇ ಹಾಡುತ್ತಿತ್ತು. ಹೊತ್ತು ಮುಳುಗಿತೋ, ಬೆಂಗಳೂರಿನ ಸ್ಟೇಷನ್ನಿನ ಮೇಲೆ ಮದ್ರಾಸು ಬಂದು ಕೂರುತ್ತಿತ್ತು. ನಮ್ಮ ಸಂಗೀತ, ಅವರ ವಾರ್ತೆ, ಎರಡೂ ಕಲಸಿ ಚಿತ್ರಾನ್ನ.

ಜಾಲಹಳ್ಳಿಯ ಕಾರ್ಖಾನೆಯಲ್ಲಿ ರೇಡಿಯೊ ಜೋಡಿಸುತ್ತಿದ್ದ ನನ್ನ ಗಂಡ ಕಾರಣ ಹೇಳಿದ್ದರು. ದೂರದ ಸ್ಟೇಷನ್ನುಗಳ ಅಲೆ ಕತ್ತಲಾದ ಮೇಲೆ ಆಕಾಶಕ್ಕೆ ತಗುಲಿ ನಮ್ಮ ಕಡೆ ಇಳಿಯುತ್ತದಂತೆ. ಪೆಟ್ಟಿಗೆಯೊಳಗೆ ಏರಿಯಲ್ ಅಂತ ಒಂದು ಕಪ್ಪು ಕಡ್ಡಿ ಅಡ್ಡಡ್ಡ ಮಲಗಿರುತ್ತದೆ. ಅದಕ್ಕೆ ಮುಂದೆ ಹಿಂದೆ ಕಿವಿ ಚುರುಕು, ಎರಡು ತುದಿಗಳ ಕಡೆ ಕಿವುಡು. ನಮ್ಮದು ಪೂರ್ವದ ಮದ್ರಾಸಿಗೆ ಮುಖ ಕೊಟ್ಟು, ದಕ್ಷಿಣದ ಬೆಂಗಳೂರಿಗೆ ಕಿವುಡಾಗಿ ಕೂತಿತ್ತು. ದಕ್ಷಿಣಕ್ಕೆ ತಿರುಗಿಸಿದರೆ ಮುಗಿಯಿತು. ಮಾವ ಒಪ್ಪಬೇಕಲ್ಲ, ಅದು ಯಮನ ದಿಕ್ಕು! ಉತ್ತರಕ್ಕಾದರೂ ಆಗುತ್ತೆ ಅಂದೆ. ಅತ್ತ ಗೋಡೆ. ಗೋಡೆಗೆ ಮುಖ ಮಾಡಿ ಕೂರಿಸೋಕೆ ಅದೇನು ಪಾಠ ಒಪ್ಪಿಸದ ಹುಡುಗನೇ ಅಂತ ನನ್ನನ್ನೇ ಕೇಳಿದರು. ಹಟ ಅಂದರೆ ಹಟ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ನಮ್ಮತ್ತೆಗೆ ರೇಡಿಯೊದಲ್ಲಿ ರಾಗಿ ಬೀಸುವ ಪದ ಹಾಡಲು ಕರೆ ಬಂತು. ದೀಪ ಹಚ್ಚುವ ಹೊತ್ತಿಗೆ, ಸ್ಟುಡಿಯೋದಿಂದ ನೇರವಾಗಿ, ಒಂದೇ ಸಲ. ಇಷ್ಟು ವರ್ಷ ಅತ್ತೆ ಹಾಡಿದಾಗಲೆಲ್ಲ, ಸಾಕು ನಿಲ್ಲಿಸು, ಕೊಟ್ಟಿಗೆಯ ಹಸು ಬೆದರುತ್ತೆ ಅಂತ ರೇಗಿಸಿದವರು ನಮ್ಮ ಮಾವ. ಅತ್ತೆಯೂ ಹೊಸ ಸೀರೆ ಉಟ್ಟು ಮಗನ ಜೊತೆ ಬಸ್ಸಿಗೆ ಹೊರಟವರು, ನೀವು ಕೇಳೋದೇನೂ ಬೇಡ ಬಿಡಿ ಅಂತ ಹೇಳಿಯೇ ಹೋದರು. ಮಾವ ಮಾತ್ರ ಮಧ್ಯಾಹ್ನದಿಂದಲೇ ರೇಡಿಯೊ ಮುಂದೆ ಕೂತಿದ್ದರು. ಕಾಫಿ ಕೊಟ್ಟರೆ ಅದೂ ಬೇಡವಾಯಿತು.

ಹೊತ್ತಾಯಿತು. ಅತ್ತೆಯ ದನಿ ಒಂದೆಳೆ ಕೇಳಿತು, ಅಷ್ಟರಲ್ಲಿ ಮದ್ರಾಸಿನ ನಾಗಸ್ವರ ಮೇಲೆ ಬಿತ್ತು. ಮಾವ ಗುಂಡಿ ತಿರುವಿದರು, ಪೆಟ್ಟಿಗೆಯ ತಲೆಗೆ ತಟ್ಟಿದರು, ಮದ್ರಾಸನ್ನು ಬಾಯಿಗೆ ಬಂದಂತೆ ಬೈದರು. ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಬೇಕಾಗಿತ್ತು, ಅನುಭವಿಸಲಿ ಅನ್ನಿಸಿತ್ತು. ಅವರ ಮುಖ ನೋಡಿ ಅಯ್ಯೋ ಪಾಪ ಅನ್ನಿಸಿದ್ದೂ ನಿಜ. ಕೊನೆಗೆ ಅವರೇ ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು ದಕ್ಷಿಣಕ್ಕೆ ತಿರುಗಿಸಿಬಿಟ್ಟರು.

"ಯಮ ಬಂದ್ರೆ ಬರ್ಲಿ," ಅಂದರು. "ಅವ್ನೂ ಒಂದಿಷ್ಟು ಕೇಳ್ಲಿ."

ನಾಗಸ್ವರ ಎತ್ತ ಹೋಯಿತೋ! ಅತ್ತೆ ನಡುಮನೆಯಲ್ಲೇ ಕೂತು ಹಾಡಿದಂತಾಯಿತು. ಸಿಕ್ಕಿದ್ದು ಕೊನೆಯ ಎರಡು ನುಡಿ ಅಷ್ಟೇ. ಮುಗಿದ ಮೇಲೂ ಮಾವ ಎದ್ದೇಳಲಿಲ್ಲ.

ಅತ್ತೆ ವಾಪಸು ಬಂದಾಗ ಮಾವ ಅವರಿಗೆ ಕಾಲು ತೊಳೆಯೋಕೂ ಬಿಡಲಿಲ್ಲ. "ಮೊದ್ಲಿಂದ ಇನ್ನೊಂದ್ಸಲ ಹೇಳು. ಅರ್ಧ ತಪ್ಪೋಯ್ತು."

ಅತ್ತೆ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ಸೀದಾ ಹೋಗಿ ಬೀಸುವ ಕಲ್ಲಿನ ಮುಂದೆ ಕೂತರು.

"ಕೈಯಾಗೆ ಕೆಲ್ಸ ಇಲ್ದೆ ನಂಗೆ ಪದ ಬರಾಕಿಲ್ಲ. ಬನ್ನಿ, ನೀವೂ ಗೂಟ ಇಡ್ಕಳಿ."

ಮಾವ ಹೋಗಿ ಎದುರಿಗೆ ಕೂತರು.