ಚಪ್ಪಲಿ ಬಿಡಿಸುತ್ತಿದ್ದ ಅಕ್ಕೋರು

ಒದ್ದೆ ಟವಲ್ ತಲೆಗೆ ಹಾಕಿಕೊಂಡು, ಕೊರಳಲ್ಲಿ ಉಕ್ಕಿನ ಸೀಟಿ ಇಳಿಬಿಟ್ಟುಕೊಂಡು ಅಕ್ಕೋರು ನಮ್ಮ ಓಣಿಯ ನಡುವೆ ನಿಂತಿರುತ್ತಿದ್ದರು. ಟವಲಿನ ನೀರು ಕಿವಿಯ ಪಕ್ಕದಿಂದ ಇಳಿದು ಹೆಗಲ ಮೇಲಿನ ಸೆರಗು ನೆನೆದಿರುತ್ತಿತ್ತು. ಔರಾದಿನ ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾಗಿ ಭಾಲ್ಕಿಗೆ ಬಂದವರು. ನೌಕರಿ ಮುಗಿದಿತ್ತು, ಸೀಟಿ ಮಾತ್ರ ಕೊರಳು ಬಿಟ್ಟಿರಲಿಲ್ಲ.

ಬೇಸಿಗೆ ಬಂತೆಂದರೆ ನಾಯಿ ಸಾಕಿದವರಿಗೆ ಅವರ ಕಾಟ ಶುರು. ಬಿಸಿಲಲ್ಲಿ ಯಾರಾದರೂ ನಾಯಿ ಹಿಡಿದು ಹೊರಟರೆ ಸೀಟಿ ಊದಿ ನಿಲ್ಲಿಸುವುದು, "ಚಪ್ಪಲಿ ಬಿಡ್ರಿ" ಅನ್ನುವುದು. ಕಾದ ಡಾಂಬರಿನ ಮೇಲೆ ಕಾಲಿಟ್ಟವರು ಕುಣಿದಾಡಿದರೆ, "ನಿಮಗ ಸುಡ್ತದಲ್ಲ, ಅದಕ್ಕೇನು ಬೂಟ್ ಹಾಕೀರೇನು? ಹೊತ್ತು ಮುಳುಗಿದ ಮ್ಯಾಲ ಕರ್ಕೊಂಡ ಬರ್ರಿ" ಎಂದು ವಾಪಸು ಕಳಿಸುವುದು. ನಮ್ಮ ಸೇವಾ ಸಂಘದ ಅಧ್ಯಕ್ಷರೊಬ್ಬರು ಮಾತ್ರ ಅವರ ಕೈಗೆ ಸಿಗಲಿಲ್ಲ. ತಮ್ಮ ಬಿಳಿ ನಾಯಿ ಮೋತಿಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡೇ ತಿರುಗುವವರು ಅವರು.

ಆ ಸಂಘದಲ್ಲಿ ಅಕ್ಕೋರೂ ಇದ್ದರು, ನಾನೂ ಇದ್ದೇನೆ. ಅದರ ಮಾತು ಬಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುವುದು ನಮ್ಮಲ್ಲಿ ಹಳೆಯ ರೂಢಿ. ನಾಯಿ, ದನಗಳಿಗೂ ಒಂದು ನೀರಿನ ತೊಟ್ಟಿ ಬೇಕೆಂದು ಅಕ್ಕೋರು ಹಟ ಹಿಡಿದರು. ಬೇವಿನ ಗಿಡದ ಕೆಳಗೆ ಕಟ್ಟಿಸಿರಿ ಅಂದರು. ಅಲ್ಲಿ ಸಂಘದ ಬ್ಯಾನರ್ ಕಾಣುವುದಿಲ್ಲ ಅಂದರು ಅಧ್ಯಕ್ಷರು. ಕೊನೆಗೆ ತೊಟ್ಟಿ ಬಟಾಬಯಲಿನಲ್ಲಿ, ಬ್ಯಾನರಿನ ಮುಂದೆ ಎದ್ದಿತು.

ಉದ್ಘಾಟನೆಯ ದಿನ ಬೀದರಿನಿಂದ ಬರಬೇಕಾದ ಅತಿಥಿ ಹೊತ್ತಾದರೂ ಬರಲಿಲ್ಲ, ಬಿಸಿಲು ಏರಿತು. ಬಾಯಾರಿ ಬಂದ ಬೀದಿ ನಾಯಿಗಳನ್ನು ನಮ್ಮ ಕಾರ್ಯಕರ್ತರು ಕೋಲು ಹಿಡಿದು ಓಡಿಸುತ್ತಿದ್ದರು. ಯಾಕೆಂದರೆ, ಅತಿಥಿ ಬರುವ ತನಕ ನೀರು ಎಂಜಲಾಗಬಾರದು! ಫೋಟೋಕ್ಕೆಂದು ತಂದಿದ್ದ ಮೋತಿಯನ್ನು ಬ್ಯಾನರಿನ ಕಂಬಕ್ಕೆ ಕಟ್ಟಿದ್ದರು. ಕೊನೆಗೆ ಅತಿಥಿ ಬಂದು ಭಾಷಣ ಶುರುವಾದಾಗ ಅದು ನಾಲಿಗೆ ಚಾಚಿ ಏದುಸಿರು ಬಿಡುತ್ತ ಪಕ್ಕಕ್ಕೆ ಉರುಳಿತು.

ಅಕ್ಕೋರ ಸೀಟಿ ಕೂಗಿತು. ಭಾಷಣ ನಿಂತಿತು. ಅವರು ಮೋತಿಯನ್ನು ಎತ್ತಿಕೊಂಡು ಬೇವಿನ ಗಿಡದ ಕೆಳಗೆ ಮಲಗಿಸಿ, ಅತಿಥಿಗೆಂದು ಇಟ್ಟಿದ್ದ ನೀರನ್ನು ಅದರ ಹೊಟ್ಟೆ, ಪಾದಗಳ ಮೇಲೆ ಸುರಿದರು. ತಮ್ಮ ಟವಲಿನಿಂದ ಗಾಳಿ ಹಾಕುತ್ತ, "ಗಾಡಿ ತರ್ರಿ, ದವಾಖಾನಿಗಿ ಒಯ್ಯಬೇಕು" ಎಂದು ಕೂಗಿದರು. ಹೋಗುವಾಗ ಅಧ್ಯಕ್ಷರ ಕಡೆ ತಿರುಗಿ, "ಕಾರ್ಯಕ್ರಮ ಮುಗೀತ್ರಿ. ಇನ್ನರ ಕೆಲಸ ಸುರು ಮಾಡ್ರಿ" ಅಂದರು.

ಮೋತಿ ಬದುಕಿತು. ಅಧ್ಯಕ್ಷರಿಗೆ ಉಳಿದದ್ದು ಅತಿಥಿಯ ಮುಂದೆ ಮಾನ ಹೋಯಿತೆಂಬ ಸಿಟ್ಟು ಮಾತ್ರ. ತೊಟ್ಟಿಗೆ ಒಂದು ಚಪ್ಪರ ಹಾಕಿಸಿರೆಂದು ಅಕ್ಕೋರು ಪ್ರತಿ ಸಭೆಯಲ್ಲೂ ಕೇಳಿದರು. ಪ್ರತಿ ಸಭೆಯಲ್ಲೂ "ಮುಂದಿನ ಸಭೆಯಲ್ಲಿ ನೋಡೋಣ" ಎಂದೇ ಉತ್ತರ. ಮಧ್ಯಾಹ್ನ ತೊಟ್ಟಿಯ ನೀರಿಗೆ ಕೈ ಇಟ್ಟರೆ ಸ್ನಾನದ ನೀರಿನಷ್ಟು ಬಿಸಿ. ನಾಯಿಗಳು ಮೂಸಿ ಹೋಗುತ್ತಿದ್ದವು. "ಊಟಕ್ಕಿಲ್ಲದ ಉಪ್ಪಿನಕಾಯಿ ಆತು ನೋಡವಾ ಇದು" ಎನ್ನುತ್ತ ಅವರು ಅದನ್ನು ಚೆಲ್ಲಿ ಮತ್ತೆ ತುಂಬುತ್ತಿದ್ದರು. ನನ್ನದು ಬರೀ ಬೆಕ್ಕು ಸಾಕಿದ ಮನೆ, ಆದರೂ ನನ್ನನ್ನು ಬಿಡುತ್ತಿರಲಿಲ್ಲ. "ಏಳವಾ, ಕೊಡ ತಗೊಂಡ ಬಾ." ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಎಷ್ಟೋ ಸಲ ಅವರ ಮೇಲೂ ನನಗೆ ರೇಗಿದ್ದುಂಟು.

ಹೋದ ಚಳಿಗಾಲದಲ್ಲಿ ಅಕ್ಕೋರು ನಿದ್ದೆಯಲ್ಲೇ ತೀರಿಕೊಂಡರು. ಬೇಸಿಗೆ ಬಂತು. ಸಂಘದವರು ತೊಟ್ಟಿಯ ಹಿಂದೆ ದೊಡ್ಡ ಫ್ಲೆಕ್ಸ್ ಕಟ್ಟಿದರು: "ಪ್ರಾಣಿಪ್ರಿಯ ಅಕ್ಕೋರಿಗೆ ಭಾವಪೂರ್ಣ ಶ್ರದ್ಧಾಂಜಲಿ." ಅಕ್ಕೋರ ಫೋಟೋ ಇತ್ತು, ಪಕ್ಕದಲ್ಲಿ ಅಧ್ಯಕ್ಷರದೂ ಇತ್ತು. ಚಪ್ಪರ ಇರಲಿಲ್ಲ. ಬಿಸಿನೀರು ಚೆಲ್ಲಿ ಚೆಲ್ಲಿ ಒಂದು ದಿನ ನನಗೆ ತಲೆ ಕೆಟ್ಟಿತು. ಫ್ಲೆಕ್ಸ್ ಬಿಚ್ಚಿ, ನಾಲ್ಕು ಬಿದಿರು ನೆಟ್ಟು, ತೊಟ್ಟಿಯ ಮೇಲೆ ಅಡ್ಡ ಹಾಸಿ ಕಟ್ಟಿಬಿಟ್ಟೆ.

ಸುದ್ದಿ ಮುಟ್ಟಿ ಅಧ್ಯಕ್ಷರು ಸುಡು ಮಧ್ಯಾಹ್ನದಲ್ಲೇ ಸ್ಕೂಟರ್ ಮೇಲೆ ಬಂದೇಬಿಟ್ಟರು. "ಅಕ್ಕೋರ ಫೋಟೋದ ಮ್ಯಾಲ ಕಾಗಿ ಕೂಡ್ತಾವ್ರಿ. ಇದೇನ್ ಮರ್ಯಾದಿ? ಮೊದಲ ಇಳಸ್ರಿ" ಎಂದು ಇಳಿದರು. ಅಷ್ಟರಲ್ಲಿ ಮೋತಿ ಸ್ಕೂಟರಿನಿಂದ ಜಿಗಿದು, ಫ್ಲೆಕ್ಸಿನ ಕೆಳಗೆ ನುಗ್ಗಿ, ಲೊಚಲೊಚ ನೀರು ಕುಡಿದು ಅಲ್ಲೇ ಮಲಗಿತು. ಕರೆದರೂ ಏಳಲಿಲ್ಲ.

ನಾನು ಅಧ್ಯಕ್ಷರ ಕಾಲಿನತ್ತ ಬೆರಳು ತೋರಿಸಿದೆ.

"ಚಪ್ಪಲಿ ಬಿಡ್ರಿ" ಅಂದೆ.

ಓಣಿಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಧ್ಯಕ್ಷರು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿ ಚಪ್ಪಲಿ ಬಿಟ್ಟರು. ಬಿಟ್ಟವರೇ ಒಂದು ಗಳಿಗೆಯೂ ನಿಲ್ಲಲಾರದೆ, ಹಾರುತ್ತ ಬಂದು, ತಲೆ ಬಗ್ಗಿಸಿ ಅಕ್ಕೋರ ನೆರಳಿಗೆ ನುಗ್ಗಿದರು. ಮೋತಿ ಸ್ವಲ್ಪ ಸರಿದು ಜಾಗ ಕೊಟ್ಟಿತು.