ಮೆಗಾಬ್ಲಾಕಿಗೆ ಮೊದಲೇ ಎದ್ದು ಬಂದ ಸಿನಿಮಾ

ನಾನು ಮಾಡಿದ್ದು ಕೇಳಲು ಸಣ್ಣ ತಪ್ಪು. ಒಂದು ಹಳೆಯ ಕಪ್ಪು ಬಿಳುಪು ಸಿನಿಮಾದ ವಿಷಯದಲ್ಲಿ ನಾಲ್ಕು ಜನರ ಮುಂದೆ ಹೆಂಡತಿಯ ಬಾಯಿ ಮುಚ್ಚಿಸಿದೆ. ಸರಿಮಾಡಲು ಹೋದಷ್ಟೂ ಅದು ಗೋಜಲಾಗುತ್ತಿದೆ.

ಡೊಂಬಿವಲಿಯ ನಮ್ಮ ಸೊಸೈಟಿಯ ಹಾಲ್‌ನಲ್ಲಿ ಕನ್ನಡದವರು ತಿಂಗಳಿಗೊಂದು ಭಾನುವಾರ ಸೇರಿ ಸಿನಿಮಾ ನೋಡುತ್ತೇವೆ. ನಡೆಸುವವರು ಸೀವುಡ್ಸ್‌ನಿಂದ ಬರುವ ಮೈಸೂರಿನವರು. ಫೈನಾನ್ಸ್ ಕಂಪನಿಯಲ್ಲಿ ಕೆಲಸ, ಸಿನಿಮಾದ ಹುಚ್ಚು. ಅವರು ಒಮ್ಮೆ ‘ನುವಾರ್’ ಎಂಬ ಬಗೆಯ ಸಿನಿಮಾ ಯಾವುದೆಂದು ಬಿಡಿಸಿ ಹೇಳಿದರು. ಕತ್ತಲು, ನೆರಳು, ಒಂದು ಅಪರಾಧ. ಸಿಕ್ಕಿಬಿದ್ದವರಿಗೆ ಕೊನೆಯವರೆಗೂ ಬಿಡುಗಡೆ ಇಲ್ಲ.

ಆಗ ನನ್ನವಳು ಹಿಂದಿನ ಸಾಲಿನಿಂದ ಕೇಳಿದಳು: “ಹಾಗಾದ್ರೆ ನಾವು ಮಾಟುಂಗಾದಲ್ಲಿ ನೋಡಿದ್ದ ಆ ಮೆಟ್ಟಿಲಿನ ಪಿಕ್ಚರ್ ಸಹ ಅದೇ ಅಲ್ವಾ?”

ಆ ಕಥೆ ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. ಗಂಡ ಜಗಳದಲ್ಲಿ ಒಬ್ಬನನ್ನು ಮೆಟ್ಟಿಲಿನಿಂದ ತಳ್ಳಿ ಕೊಲ್ಲುತ್ತಾನೆ. ಹೆಂಡತಿ ತಾನೇ ತಳ್ಳಿದ್ದೆಂದು ಹೇಳಿ ಜೈಲಿಗೆ ಹೋಗುತ್ತಾಳೆ. ಬಿಡುಗಡೆಯಾಗಿ ಬಂದಾಗ ಮಗಳಿಗೆ ಅವಳ ಗುರುತಿಲ್ಲ. ನಡುನಡುವೆ ಹಾಡು, ದೇವರ ಮನೆ, ಧಾರಾಕಾರ ಕಣ್ಣೀರು.

“ಅದು ಅಳುವ ಪಿಕ್ಚರ್ ಮಾರಾಯ್ತಿ,” ಎಂದೆ. “ಕೊನೆಗೆ ಎಲ್ಲ ಒಂದಾಗ್ತಾರೆ. ನಿಂಗೆ ನುವಾರ್ ಗಿವಾರ್ ಯಾಕೆ? ಹೋಗಿ ಚಹಾ ನೋಡು.”

ಎಲ್ಲರೂ ನಕ್ಕರು. ಅವಳು ಎದ್ದು ಹೋಗಿ ನಿಜಕ್ಕೂ ಚಹಾ ನೋಡಿದಳು. ಆಮೇಲೆ ಹಾಲ್‌ಗೆ ಕಾಲಿಡಲಿಲ್ಲ.

ಸೀವುಡ್ಸ್‌ನವರು ಸುಮ್ಮನಿರಬೇಕಲ್ಲ, ಎಲ್ಲಿಂದಲೋ ಆ ಸಿನಿಮಾವನ್ನೇ ಹುಡುಕಿ ತಂದರು. ಮನೆಗೆ ಬಂದು, “ಆಂಟಿ, ಶುರುವಿಗೆ ಮುಂಚೆ ನೀವೇ ಎರಡು ಮಾತಾಡ್ಬೇಕು, ಪ್ಲೀಸ್,” ಎಂದು ಕೇಳಿಕೊಂಡರು.

“ನಂಗೆ ಚಹಾ ನೋಡ್ಲಿಕ್ಕುಂಟು,” ಎಂದಳು ನನ್ನ ಮುಖ ನೋಡುತ್ತ.

ಆಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ನಾನು ಎರಡು ವಾರ ಅವಳಿಗೆ ವಾದ ಒಪ್ಪಿಸಿದೆ. ಕಣ್ಣೀರಿದ್ದರೆ ನುವಾರ್ ಅಲ್ಲ ಎಂದೆ. ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು. ತಾಯಿ ಮಗಳು ಅಪ್ಪಿಕೊಂಡ ಮೇಲೆ ಕತ್ತಲೆಲ್ಲಿ ಬಂತು ಎಂದೆ. “ಅಪ್ಪಿಕೊಂಡ ಮೇಲೆ ಏನುಂಟೂಂತ ನಿಮಗೆ ಗೊತ್ತುಂಟಾ?” ಎಂದು ಕೇಳಿದಳು. ಪ್ರಶ್ನೆ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಆ ಭಾನುವಾರ ಒಬ್ಬನೇ ಹೋಗಿ ಕುಳಿತೆ. ಪರದೆಯ ಮೇಲೆ ಮಗಳು ಓಡಿ ಬಂದು ತಾಯಿಯನ್ನು ಅಪ್ಪಿಕೊಂಡಳು. ವಾದ್ಯಗಳೆಲ್ಲ ಒಟ್ಟಿಗೆ ಮೊಳಗಿದವು. ನನ್ನ ಕಾಲು ತಾನಾಗಿ, ಬಾಗಿಲಲ್ಲಿ ಬಿಟ್ಟು ಬಂದಿದ್ದ ಚಪ್ಪಲಿ ಹುಡುಕಿತು, ಅರ್ಧ ಎದ್ದಿದ್ದೆ. ಹಿಂದಿನವರು, “ಕೂತ್ಕೊಳ್ರೀ, ಇನ್ನೂ ಮುಗ್ದಿಲ್ಲ,” ಎಂದು ಗದರಿದರು.

ಆ ಕಾಲಕ್ಕೆ ಮಾಟುಂಗಾದ ಟಾಕೀಸಿನಲ್ಲಿ ಕನ್ನಡ ಸಿನಿಮಾ ಹಾಕುತ್ತಿದ್ದದ್ದು ಭಾನುವಾರ ಬೆಳಿಗ್ಗೆ. ಸಿನಿಮಾ ಮುಗಿಯುವ ಹೊತ್ತಿಗೇ ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಶುರು. ಆಮೇಲೆ ಲೋಕಲ್ ರೈಲು ಸಿಕ್ಕಿದರೂ ಕಾಲಿಡಲು ಜಾಗವಿಲ್ಲ. ಹಾಗಾಗಿ ದೂರದ ಡೊಂಬಿವಲಿ, ಕಲ್ಯಾಣದವರೆಲ್ಲ ಕೊನೆಗಿಂತ ಮೊದಲೇ ಏಳುತ್ತಿದ್ದೆವು. ನಾನು ಅವಳ ಮೊಣಕೈ ಹಿಡಿದು ಎಬ್ಬಿಸುತ್ತಿದ್ದೆ. ತಲೆ ಹಿಂದಕ್ಕೆ ತಿರುಗಿಸಿಕೊಂಡೇ ಅವಳು ಹೊರಗೆ ಬರುತ್ತಿದ್ದಳು. ನಾನು ಕೊನೆ ಎಂದುಕೊಂಡದ್ದು ನಾನು ಎದ್ದ ಜಾಗ, ಅಷ್ಟೇ.

ಈಗ ಪರದೆಯಲ್ಲಿ ಗಂಡ ಮೆಟ್ಟಿಲ ಮೇಲೆ ನಿಂತು, ಬಾ ಎಂದು ಕೈ ಚಾಚಿದ. ಮಗಳನ್ನು ಕೆಳಗೇ ಬಿಟ್ಟು ತಾಯಿ ಹತ್ತತೊಡಗಿದಳು. ಕೈಹಿಡಿಕೆಯ ಸರಳುಗಳ ನೆರಳು ಸೀರೆಯ ಮೇಲೆ, ಕುತ್ತಿಗೆಯ ಮೇಲೆ, ಕೊನೆಗೆ ಮುಖದ ಮೇಲೆ ಬಿತ್ತು. ಥೇಟ್ ಜೈಲಿನ ಸರಳು. ಅವಳು ಒಳಗೆ ಹೋದದ್ದೇ ಅವನು ಬಾಗಿಲು ಮುಚ್ಚಿದ. ಮುಗಿಯಿತು.

ದೀಪ ಹಾಕಿದಾಗ ಯಾರೋ ಮೂಗು ಒರೆಸುತ್ತಿದ್ದರು. ನುವಾರ್ ಅಲ್ಲ ಎಂದು ವಾದಿಸಲು ಸಿದ್ಧಮಾಡಿಕೊಂಡಿದ್ದ ಮಾತನ್ನೆಲ್ಲ ಅಲ್ಲೇ ಬಿಟ್ಟೆ. ಎದ್ದು ನಿಂತು, “ನನ್ನ ಹೆಂಡತಿ ಹೇಳಿದ್ದೇ ಸರಿ, ನಾನು ಕೊನೆ ನೋಡಿರಲೇ ಇಲ್ಲ,” ಎಂದೆ. ಅಷ್ಟರಲ್ಲಿ ಅರ್ಧ ಜನ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. ಸೀವುಡ್ಸ್‌ನವರು ವೈರ್ ಸುತ್ತುತ್ತ, “ಅಂಕಲ್, ಇದನ್ನ ಆಂಟಿಗೆ ಹೇಳಿ,” ಎಂದರು.

ಮನೆಗೆ ಬಂದು ಹೇಳಿದೆ. ಮೆಟ್ಟಿಲು, ನೆರಳು, ಬಾಗಿಲು, ಎಲ್ಲವನ್ನೂ ಅವಳಿಗೆ ಹೊಸದೆಂಬಂತೆ ಹೇಳಿದೆ. ಅವಳು ಕೊನೆತನಕ ಕೇಳಿದಳು.

“ಒಂದು ಮಧ್ಯಾಹ್ನ ಅದು ಟಿವಿಯಲ್ಲಿ ಬಂದಿತ್ತು. ನೀವು ಆಫೀಸಿನಿಂದ ಬಂದ ಕೂಡ್ಲೆ ಹೇಳಿದೆ, ಅದರ ಕೊನೆ ಬೇರೆಯೇ ಉಂಟೂಂತ. ನೀವು ಊಟ ಬಡಿಸು ಅಂದ್ರಿ.”

ನನಗೆ ನೆನಪಾಗಲಿಲ್ಲ. ನೆನಪಿಲ್ಲವೆಂದು ಹೇಳುವ ಧೈರ್ಯವೂ ಆಗಲಿಲ್ಲ.

“ಎಲ್ಲರ ಎದುರು ಒಪ್ಪಿಕೊಂಡೆ, ಗೊತ್ತಾ? ಮುಂದಿನ ತಿಂಗಳು ಬಾ. ನೀನೇ ಮಾತಾಡು.”

“ನಾನು ಯಾವಾಗ ಮಾತಾಡ್ಬೇಕೂಂತ ಸಹ ನೀವೇ ಹೇಳ್ಬೇಕಾ?” ಎಂದು ಎದ್ದಳು. ಅಭ್ಯಾಸದಿಂದ ನನ್ನ ಕೈ ಅವಳ ಮೊಣಕೈಯತ್ತ ಹೋಯಿತು. ಅವಳು ಅದನ್ನು ನೋಡಿದಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.